ಎರಡನೇ ಪ್ಯಾರಾ

ಅಳಿಸಿದ್ದಾಯಿತು. ಇನ್ನೇನು ಉಳಿದಿದೆ ಎಂದು ಚಿರಂತನ ಪಟ್ಟಿ ನೋಡಿದ. ಹಳೆಯ ಲಾಗುಗಳು ಹೋದವು. ಯಾರು ಯಾವಾಗ ಬಂದರು, ಏನು ಒತ್ತಿದರು ಎಂಬ ಚರಿತ್ರೆಯೆಲ್ಲ ಹೋಯಿತು. ಯಂತ್ರದ ಹೆಸರೂ ಹೋಯಿತು. ಗುರುತಿನ ಸಂಖ್ಯೆ ಬಾಕಿ. ಅದು ಕೂತಿರುವ ಫೈಲನ್ನು ಕಿತ್ತುಹಾಕಬಾರದು, ಖಾಲಿ ಮಾಡಿ ಅಲ್ಲೇ ಬಿಡಬೇಕು, ಮುಂದಿನ ಯಂತ್ರ ತನ್ನ ಸಂಖ್ಯೆಯನ್ನು ತಾನೇ ಬರೆದುಕೊಳ್ಳುತ್ತದೆ. ಫೈಲು ಇರಬೇಕು, ಒಳಗೆ ಏನೂ ಇರಬಾರದು. ಹೊಸಬರಿಗೆ ಇದನ್ನು ಹೇಳಿಕೊಡುವಾಗಲೆಲ್ಲ ಅವನಿಗೆ ಒಳಗೊಳಗೇ ನಗು ಬರುತ್ತಿತ್ತು. ಇವತ್ತು ಬರಲಿಲ್ಲ. ಹೇಳಿಕೊಡಲು ಎದುರಿಗೆ ಯಾರೂ ಇರಲಿಲ್ಲ ಅನ್ನಿ.

ನಂಜನಗೂಡಿನ ಆ ವಿದ್ಯಾಸಂಸ್ಥೆಯ ಮುಖ್ಯ ಕಚೇರಿಯಲ್ಲಿ ಹಿಂದೆ ಉತ್ತರಪತ್ರಿಕೆಗಳ ಕಟ್ಟು ತುಂಬಿಡುತ್ತಿದ್ದ ಕೋಣೆಯೇ ಈಗ ಸರ್ವರ್ ರೂಮು. ಒಂದು ದೊಡ್ಡ ಸರ್ವರು, ಅದರ ಹೊಟ್ಟೆಯಲ್ಲಿ ಐವತ್ತೆರಡು ಕಂಪ್ಯೂಟರು. ಕೈಗೆ ಸಿಗುವ ಪೆಟ್ಟಿಗೆಗಳಲ್ಲ, ವರ್ಚುವಲ್ ಮಷೀನುಗಳು. ಮಕ್ಕಳ ಮುಂದೆ ಒಂದು ಪರದೆ, ಒಂದು ಕೀಲಿಮಣೆ ಇರುತ್ತದೆ, ಮಿಕ್ಕಿದ್ದೆಲ್ಲ ಇಲ್ಲಿ. ಮೂವತ್ತು ನಂಜನಗೂಡಿನ ಕಾಲೇಜಿಗೆ, ಇಪ್ಪತ್ತೆರಡು ನರಸೀಪುರದ ಕಾಲೇಜಿಗೆ. ಹುಲ್ಲಹಳ್ಳಿಯಲ್ಲಿ ಮೂರನೆಯದು ಶುರುವಾಗುತ್ತಿದೆ, ಸೋಮವಾರಕ್ಕೆ ಇನ್ನೂ ಮೂವತ್ತು ಬೇಕು.

ಒಂದೊಂದನ್ನೂ ಕೂತು ಕಟ್ಟುವಷ್ಟು ಪುರಸೊತ್ತು ಯಾರಿಗಿದೆ? ಲಿನಕ್ಸ್ ಹಾಕಿದ ಒಂದನ್ನು ಚೊಕ್ಕಟವಾಗಿ ಸಿದ್ಧಮಾಡಿ, ಅದರದೇ ಅನ್ನುವಂಥದ್ದನ್ನೆಲ್ಲ ಒರೆಸಿ, ಟೆಂಪ್ಲೇಟು ಮಾಡಿಟ್ಟುಬಿಟ್ಟರೆ ಉಳಿದವೆಲ್ಲ ಅದರ ನಕಲು. ಚಿರಂತನ ಮನಸ್ಸಿನಲ್ಲಿ ಅದನ್ನು ಅಚ್ಚು ಅನ್ನುತ್ತಾನೆ. ಬಾಯಿಬಿಟ್ಟು ಅಂದರೆ ಆಡಳಿತಾಧಿಕಾರಿ ಬೆಟ್ಟಸ್ವಾಮಿಯವರಿಗೆ ಬೆಲ್ಲದಚ್ಚು ನೆನಪಾಗಿ ಅವರ ಆಲೆಮನೆಯ ಪುರಾಣ ಶುರುವಾಗುತ್ತದೆ. ಜೂನಿನಲ್ಲಿ ಮಾಡಿದ್ದ ಅಚ್ಚಿನಿಂದಲೇ ಒಂದು ನಕಲು ತೆಗೆದು, ಜಾಗ ಸಾಲದೆಂದು ಆ ಹಳೆಯದನ್ನು ಬೆಳಿಗ್ಗೆಯೇ ಅಳಿಸಿ, ಈ ನಕಲನ್ನು ಹೊಸ ಅಚ್ಚಾಗಿ ತಿದ್ದುತ್ತಿದ್ದ.

ಕೊನೆಗೊಂದು ಸಲ ‘ಲ್ಯಾಬ್’ ಎನ್ನುವ ಬಳಕೆದಾರನ ಫೋಲ್ಡರಿಗೆ ಕಣ್ಣು ಹಾಯಿಸಿದ. ಮಕ್ಕಳೆಲ್ಲ ಅದೇ ಹೆಸರಿನಲ್ಲಿ ಒಳಗೆ ಬರುವುದು. ಅಚ್ಚಿನಲ್ಲಿ ಅದು ಬರಿದಾಗಿರಬೇಕು. ಒಂದು ಫೈಲಿತ್ತು. ಹೆಸರು ‘ಪತ್ರ’.

ಅದು ಅವನೇ ಬರೆದದ್ದು, ಮೇ ತಿಂಗಳಲ್ಲಿ, ಜೂನಿನ ಅಚ್ಚಿಗೆಂದು ಸಿದ್ಧಮಾಡುತ್ತಿದ್ದ ಯಂತ್ರದಲ್ಲಿ, ಇದೇ ಕುರ್ಚಿಯಲ್ಲಿ ಕೂತು, ಮೂರು ದಿನ ಊಟದ ಹೊತ್ತಿನಲ್ಲಿ. ಹೆಂಡತಿ ಶ್ರೀವಾಣಿಗೆ. ಪ್ರಿಂಟು ತೆಗೆದು ಅವಳ ಬ್ಯಾಗಿನಲ್ಲಿ ಇಡಬೇಕೆಂದಿದ್ದ. ಇಡಲಿಲ್ಲ. ಆಮೇಲೆ ಅದನ್ನು ಅಳಿಸಿದೆನೆಂದೇ ನಂಬಿಕೊಂಡಿದ್ದ.

ಅಷ್ಟರಲ್ಲಿ ಬಾಗಿಲು ತೆಗೆದುಕೊಂಡು ಬೆಟ್ಟಸ್ವಾಮಿ ಬಂದರು. ಎಲ್ಲಿಗೆ ಬಂತು, ಸಂಜೆಗೆ ಆಗುತ್ತದಾ ಎಂದು ಕೇಳುತ್ತ, ಅವರ ಅಭ್ಯಾಸದಂತೆ ಕುರ್ಚಿಯ ಬೆನ್ನು ಹಿಡಿದು ಪರದೆಯ ಮೇಲೆ ಬಾಗಿದರು. ಅವರು ಕನ್ನಡಕ ಹಾಕಿಕೊಳ್ಳುವುದರೊಳಗೆ ಚಿರಂತನ ಆ ಫೈಲನ್ನು ಅಳಿಸಿದ. ಓದಲೂ ಇಲ್ಲ. ಸಂಜೆಗೆ ಖಂಡಿತ ಆಗುತ್ತದೆ ಸಾರ್ ಎಂದ. ಒಳ್ಳೇದು ಎಂದು ಅವರು ಹೋದರು. ಹಿಂದೆಯೇ ಅಟೆಂಡರ್ ದೊಡ್ಡಮಾದಯ್ಯ ಕಾಫಿ ತಂದಿಟ್ಟು, ತಣ್ಣಗಾಗುವ ಮುಂಚೆ ಕುಡಿಯಿರಿ ಸಾ ಎಂದು ಹೇಳಿ ಹೋದ.

ಕಾಫಿ ತಣ್ಣಗಾಯಿತು. ಜೂನಿನ ಅಚ್ಚಿನಲ್ಲೂ ಆ ಪತ್ರ ಇತ್ತಲ್ಲ, ಆ ಅಚ್ಚಿನಿಂದಲೇ ಐವತ್ತೆರಡೂ ನಕಲಾಗಿದ್ದವಲ್ಲ ಎಂಬುದು ಅವನಿಗೆ ಆಗ ಹೊಳೆಯಿತು. ಐದು ತಿಂಗಳಿಂದ ಅವನ ಪತ್ರ ಐವತ್ತೆರಡು ಕಡೆ ಬಿಡುಬೀಸಾಗಿ ಬಿದ್ದಿದೆ. ನರಸೀಪುರದ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳು ಶ್ರೀವಾಣಿ. ಅವಳು ಲ್ಯಾಬಿಗೆ ಹೋಗುವುದು ಅಪರೂಪ, ಆದರೂ ಹೋಗುತ್ತಾಳೆ.

ಪತ್ರದಲ್ಲಿ ಇದ್ದದ್ದು ಒಂದೇ ವಿಷಯ. ಎರಡು ವರ್ಷದ ಹಿಂದೆ, ಮಾರ್ಗಶಿರದ ಒಂದು ಮಧ್ಯಾಹ್ನ, ಅವಳ ತಂದೆ ಮೈಸೂರಿನ ಆಸ್ಪತ್ರೆಯಲ್ಲಿ ಹೋಗಿಬಿಟ್ಟರು. ಅವಳು ಫೋನ್ ಮಾಡಿ, ಹೊರಟು ಬನ್ನಿ ಎಂದಳು. ಸರ್ವರ್ ಬಿದ್ದಿದೆ, ಪರೀಕ್ಷೆ ನಿಂತುಹೋಗಿದೆ, ಎಬ್ಬಿಸಿ ಬರುತ್ತೇನೆ ಎಂದ. ಸರ್ವರ್ ಬಿದ್ದಿರಲಿಲ್ಲ. ಗುಂಡುಕಲ್ಲಿನ ಹಾಗೆ ಇತ್ತು. ಈ ಕೋಣೆಯಲ್ಲಿ, ಏಸಿಯ ಚಳಿಯಲ್ಲಿ, ನಾಲ್ಕು ಗಂಟೆ ಸುಮ್ಮನೆ ಕೂತಿದ್ದ. ಸಾವಿನ ಭಯವಲ್ಲ ಅದು. ಅಳುತ್ತಿರುವ ಹೆಂಡತಿಯ ಎದುರಿಗೆ ಯಾವ ಮುಖ ಇಟ್ಟುಕೊಂಡು ನಿಲ್ಲಬೇಕೆಂದು ಗೊತ್ತಾಗಲಿಲ್ಲ, ಅಷ್ಟೇ. ಅವನು ಹೋದಾಗ ಬೆಂಕಿ ಕೊಟ್ಟಾಗಿತ್ತು. ಸರಿಹೋಯಿತಾ ಸರ್ವರು ಎಂದು ಅವಳು ಕೇಳಿದಳು. ಹೂಂ ಎಂದ.

ಆಮೇಲೆ ಮನೆಯಲ್ಲಿ ಜಗಳವಾಗಲಿಲ್ಲ. ಜಗಳವಾಗಿದ್ದರೆ ಎಷ್ಟೋ ವಾಸಿಯಿತ್ತು. ಕುಕ್ಕರ್ ಎಷ್ಟು ಕೂಗಿತು, ಹಾಲು ಒಂದು ಪ್ಯಾಕೆಟ್ ಸಾಕಾ, ಗೇಟಿಗೆ ಬೀಗ ಹಾಕಿದಿರಾ ಎಂಬಷ್ಟರಲ್ಲೇ ದಿನ ಮುಗಿಯುತ್ತಿತ್ತು. ಪತ್ರದ ಎರಡನೇ ಪ್ಯಾರಾದಲ್ಲಿ ಆ ನಾಲ್ಕು ಗಂಟೆಯನ್ನು ಒಂದೂ ಬಿಡದೆ ಬರೆದಿದ್ದ. ಸುಳ್ಳು ಹೇಳಿದೆ ಎಂದು ಬರೆದಿದ್ದ. ಬದುಕಿನಲ್ಲಿ ಅವನು ಒಬ್ಬರ ಮುಂದೆ ಪೂರ್ತಿ ಬಿಚ್ಚಿಟ್ಟದ್ದು ಎಂದರೆ ಆ ಒಂದು ಪ್ಯಾರಾ. ಅವಳು ಅದನ್ನು ಓದಿದ್ದಾಳೋ ಇಲ್ಲವೋ?

ಕಂಡುಹಿಡಿಯುವುದು ಕಷ್ಟವಲ್ಲ. ಯಾವ ಫೈಲನ್ನು ಕೊನೆಯ ಸಲ ಯಾವಾಗ ತೆರೆದರು ಎಂದು ಯಂತ್ರ ಗುರುತು ಇಟ್ಟುಕೊಂಡಿರುತ್ತದೆ. ನಂಜನಗೂಡಿನ ಮೂವತ್ತನ್ನು ಮೊದಲು ನೋಡಿದ. ಒಂದರಲ್ಲೂ ಯಾರೂ ತೆರೆದಿರಲಿಲ್ಲ. ಸದ್ಯ, ಬದುಕಿದೆ ಎಂದುಕೊಂಡ. ಮರುಕ್ಷಣವೇ ಏನೋ ಚುಚ್ಚಿದ ಹಾಗಾಯಿತು. ಐದು ತಿಂಗಳು, ಮೂವತ್ತು ಯಂತ್ರ, ದಿನಕ್ಕೆ ನಾಲ್ಕು ಬ್ಯಾಚು. ಇದೇನು ಎಂದು ಒಬ್ಬರಿಗೂ ಅನ್ನಿಸಲಿಲ್ಲವಲ್ಲ!

ನರಸೀಪುರದ ಇಪ್ಪತ್ತೆರಡರಲ್ಲಿ ಇಪ್ಪತ್ತೆರಡನ್ನೂ ತೆರೆದಿದ್ದರು. ನಿನ್ನೆ, ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ, ಎಲ್ಲ ಒಟ್ಟಿಗೆ.

ಇಂಥ ಹೊತ್ತಿನಲ್ಲಿ ಬೇರೆಯವರು ಯೋಚನೆ ಮಾಡುತ್ತಾರೆ. ಚಿರಂತನ ಅಳಿಸುತ್ತಾನೆ. ಐವತ್ತೆರಡೂ ಯಂತ್ರಗಳಿಗೆ ಒಂದೇ ಆಜ್ಞೆ ಕಳಿಸಿದ. ಎರಡು ಸೆಕೆಂಡಿನಲ್ಲಿ ಪತ್ರ ಭೂಮಿಯ ಮೇಲೆ ಇಲ್ಲವಾಯಿತು. ಲ್ಯಾಬಿನ ಯಂತ್ರಗಳಿಗೆ ಬ್ಯಾಕಪ್ ದಂಡ ಎಂದು ಟಿಪ್ಪಣಿ ಬರೆದು ಸಹಿ ಹಾಕಿಸಿದ್ದವನು ಅವನೇ. ತನ್ನ ಪತ್ರದಲ್ಲಿ ನಿಜವಾಗಿ ಯಾವ ಮಾತುಗಳಿದ್ದವು ಎಂದು ನೆನಪು ಮಾಡಿಕೊಳ್ಳಲು ಆಗ ಕೂತ. ವಿಷಯ ನೆನಪಿತ್ತು. ಮಾತುಗಳು ಒಂದೂ ಬರಲಿಲ್ಲ.

ಫೋನ್ ಹೊಡೆಯಿತು. ನರಸೀಪುರದ ಲ್ಯಾಬು ನೋಡಿಕೊಳ್ಳುವ ಕೋಮಲ. ಜುಲೈನಲ್ಲಿ ಸೇರಿದ ಹುಡುಗಿ, ಎಲ್ಲದಕ್ಕೂ ಮೊದಲು ಕ್ಷಮೆ ಕೇಳಿಕೊಂಡೇ ಮಾತಾಡುವವಳು. ಸಾರಿ ಸಾರ್, ಪ್ಯಾಸೇಜು ಕಾಣಿಸುತ್ತಿಲ್ಲ, ಹನ್ನೊಂದರ ಬ್ಯಾಚಿನವರು ಬಂದು ಕೂತಿದ್ದಾರೆ ಎಂದಳು. ಯಾವ ಪ್ಯಾಸೇಜು ಎಂದು ಕೇಳಿದ. ಕನ್ನಡ ಟೈಪಿಂಗಿಗೆ ದಿನಾ ಕೊಡುವುದು ಸಾರ್, ಎಲ್ಲ ಕಂಪ್ಯೂಟರಿನಲ್ಲೂ ಬಂದಿತ್ತಲ್ಲ, ‘ಪತ್ರ’ ಅಂತ.

ಅವಳೇ ಮುಂದುವರಿಸಿದಳು. ಇಡೀ ಸಿಸ್ಟಮಿನಲ್ಲಿ ಕನ್ನಡದಲ್ಲಿ ಇದ್ದದ್ದು ಅದೊಂದೇ ಫೈಲು. ಕಂಪ್ಯೂಟರಿನ ಜೊತೆಗೇ ಬಂದ ಅಭ್ಯಾಸಪಾಠ ಎಂದುಕೊಂಡು ಮಕ್ಕಳಿಗೆ ಕೊಡಲು ಶುರುಮಾಡಿದ್ದಳು. ಒಂದು ಸಲ ತೋರಿಸಿಬಿಡೋಣ ಎಂದು ಕನ್ನಡದ ಮೇಡಂಗೂ ತೋರಿಸಿದ್ದಳು.

“ಯಾವ ಮೇಡಂ?”

“ನಿಮ್ಮ ಮನೆಯವರೇ ಸಾರ್. ಶ್ರೀವಾಣಿ ಮೇಡಂ. ಅವರೇ ತಿದ್ದಿಕೊಟ್ಟರು. ಪ್ರಿಂಟ್ ಇದೆ ನನ್ನ ಹತ್ರ, ಇವತ್ತಿಗೆ ಪರವಾಗಿಲ್ಲ.”

ಬೆಟ್ಟಸ್ವಾಮಿಯವರ ಬಾಗಿಲಲ್ಲಿ ನಿಂತು, ನರಸೀಪುರದ ಕಡೆಯಿಂದ ಒಂದು ಸಣ್ಣ ತೊಂದರೆ ಬಂದಿದೆ, ಅಲ್ಲಿಂದಲೇ ಅಚ್ಚು ಮುಗಿಸುತ್ತೇನೆ ಎಂದು ಹೇಳಿದ. ಅಚ್ಚು ಎಂದುಬಿಟ್ಟಿದ್ದ. ಅವರು ಆಲೆಮನೆ ತೆಗೆಯುವುದರೊಳಗೆ ಲ್ಯಾಪ್‌ಟಾಪ್ ಹೆಗಲಿಗೇರಿಸಿ ಬಸ್‌ಸ್ಟ್ಯಾಂಡಿಗೆ ನಡೆದ.

ನರಸೀಪುರದ ಬಸ್ಸು ಅವಳ ಬಸ್ಸು. ಏಳು ವರ್ಷದಿಂದ ಅವಳು ದಿನಾ ಹೋಗಿಬರುವ ದಾರಿ. ಅವನು ಇದರಲ್ಲಿ ಹತ್ತಿದ್ದು ಎರಡೋ ಮೂರೋ ಸಲ, ಅದೂ ಕೇಬಲ್ಲಿನ ಸುರುಳಿ ಹೊತ್ತುಕೊಂಡು. ಮೂರನೇ ಸೀಟಿನಲ್ಲಿ ಕೂತಿದ್ದ ಹೆಂಗಸೊಬ್ಬಳು ಚೀಲ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು, ಜಾಗ ಐತೆ ಕೂತ್ಕಳಿ ಸಾ ಎಂದಳು. ಹೆಸರು ಮಂಚಮ್ಮನಂತೆ, ನರಸೀಪುರದಲ್ಲಿ ಆಸ್ಪತ್ರೆಯ ಆಯಾ ಅಂತೆ, ಇವತ್ತು ಮಧ್ಯಾಹ್ನದ ಡ್ಯೂಟಿಯಂತೆ. ಕೇಳದೆಯೇ ಎಲ್ಲ ಹೇಳಿದಳು. ಕಾಲೇಜಿಗೆ ಎಂದು ಅವನು ಅಂದದ್ದೇ ತಡ, ಅವಳ ಮುಖ ಅರಳಿತು.

ನಮ್ಮ ಕನ್ನಡದ ಮೇಡಮ್ಮನ ಕಾಲೇಜಾ ಎಂದಳು. ಬೆಳಗಿನ ಡ್ಯೂಟಿ ಇದ್ದಾಗ ಇದೇ ಸೀಟಿನಲ್ಲಿ ಇಬ್ಬರೂ ಕೂತು ಹೋಗುವುದಂತೆ. ಆಯಮ್ಮನ ಮಾತೇನು, ನಗುವೇನು; ಅವರಪ್ಪ ಹಳೇ ಸೈಕಲ್ಲಿನಲ್ಲಿ ಕೂರಿಸಿಕೊಂಡು ಹೋಗಿ ಕಾಲುವೆಗೆ ಬೀಳಿಸಿದ ಕಥೆ ಹೇಳಿದರೆ ಕಂಡಕ್ಟರೂ ಸೀಟಿ ಊದುವುದು ಮರೆಯುತ್ತಾನಂತೆ.

ಆ ಕಥೆ ಅವನಿಗೆ ಗೊತ್ತಿರಲಿಲ್ಲ. ಹತ್ತು ವರ್ಷದ ಸಂಸಾರದಲ್ಲಿ ಮಾವನವರಿಗೆ ಸೈಕಲ್ ಬರುತ್ತಿತ್ತು ಎಂಬುದೇ ಗೊತ್ತಿರಲಿಲ್ಲ.

“ಯಜಮಾನ್ರ ವಿಚಾರ ಏನಾದ್ರೂ ಹೇಳ್ತಾರಾ?” ಎಂದು ಕೇಳಿದ. ಯಾಕೆ ಕೇಳಿದೆನೋ ಎಂದು ಆಗಲೇ ಅನ್ನಿಸಿತ್ತು.

ಮಂಚಮ್ಮ ಸ್ವಲ್ಪ ಯೋಚಿಸಿದಳು. “ಇಲ್ಲ ಕಣ್ ಸಾ. ಅವ್ರ ಮಾತು ಬಂದೇ ಇಲ್ಲ.”

ಗದ್ದೆಯಲ್ಲಿ ಭತ್ತ ಹಣ್ಣಾಗಿತ್ತು. ಕಬ್ಬು ತುಂಬಿದ ಟ್ರಾಕ್ಟರೊಂದು ರಸ್ತೆಗೆ ಅಡ್ಡ ನಿಂತು ಬಸ್ಸು ಹದಿನೈದು ನಿಮಿಷ ತಡವಾಯಿತು. ತಿದ್ದಿಕೊಟ್ಟಳು ಎಂದರೆ ಓದಿದ್ದಾಳೆ. ಓದಿದ ಮೇಲೆ ಬರೆದವನು ಯಾರೆಂದು ತಿಳಿಯದಿರಲು ಅವಳೇನು ಹಸುಗೂಸೇ? ಅವಳಪ್ಪ ಅವಳನ್ನು ಕರೆಯುತ್ತಿದ್ದದ್ದು ಅಮ್ಮಣ್ಣಿ ಎಂದು. ಆ ಮನೆಯವರ ಹೊರತು ಇನ್ನು ಯಾರೂ ಹಾಗೆ ಕರೆಯುತ್ತಿರಲಿಲ್ಲ. ಇವನೂ ಒಂದು ಸಲವೂ ಕರೆದವನಲ್ಲ. ಪತ್ರದ ಮೊದಲ ಸಾಲಿನಲ್ಲಿ ಮಾತ್ರ ಧೈರ್ಯಮಾಡಿ ಹಾಗೆ ಬರೆದಿದ್ದ. ಅಷ್ಟು ಅವನಿಗೆ ಚೆನ್ನಾಗಿ ನೆನಪಿತ್ತು.

ಓದಿದ್ದಾಳೆ ಎಂದರೆ ಇವತ್ತು ಮಾತಾಡಲೇಬೇಕು. ಹೆದರಿಕೆಯಾಯಿತು. ಹೆದರಿಕೆಯ ಅಡಿಯಲ್ಲಿ, ಬಹಳ ದಿನದಿಂದ ಇಲ್ಲದಿದ್ದ ಒಂದು ಆಸೆಯೂ ಹುಟ್ಟಿತು. ಬೈಯಲಿ. ಬಾಯಿಗೆ ಬಂದ ಹಾಗೆ ಬೈಯಲಿ. ಹಾಗೆ ಬೈದರೆ ಸಂಜೆ ಇಬ್ಬರೂ ಒಂದೇ ಬಸ್ಸಿನಲ್ಲಿ ಮನೆಗೆ ಬರಬಹುದು ಎಂದು ಲೆಕ್ಕ ಹಾಕುತ್ತ ಕೂತ.

ಲ್ಯಾಬು ಎರಡನೇ ಮಹಡಿಯಲ್ಲಿತ್ತು. ಇಪ್ಪತ್ತೆರಡು ಮಕ್ಕಳು ಇಪ್ಪತ್ತೆರಡು ಹಾಳೆಗಳನ್ನು ಪಕ್ಕದಲ್ಲಿಟ್ಟುಕೊಂಡು ಟಪಟಪ ಹೊಡೆಯುತ್ತಿದ್ದರು. ಕೋಮಲ ಎದ್ದು ನಿಂತು, ಇಷ್ಟಕ್ಕೆ ನೀವೇ ಬರಬೇಕಿತ್ತಾ ಸಾರ್, ಸಾರಿ ಎಂದು ಒಂದು ಹಾಳೆ ಅವನ ಕೈಗೆ ಕೊಟ್ಟಳು. ಮೇಲೆ ‘ಮಾದರಿ ಪತ್ರ’ ಎಂದಿತ್ತು.

“ಪ್ರೀತಿಯ .........ಗೆ,

ಇದನ್ನು ಎದುರಿಗೆ ಕೂತು ಹೇಳಬೇಕಿತ್ತು. ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಬರಬೇಕಾಗಿದ್ದ ಹೊತ್ತಿಗೆ ಬರಲಿಲ್ಲ. ತಪ್ಪಾಯಿತು ಎನ್ನುವುದು ಚಿಕ್ಕ ಮಾತು, ಆದರೆ ನನ್ನ ಹತ್ತಿರ ಇರುವುದು ಅದೊಂದೇ.

ಇಷ್ಟನ್ನೂ ಓದಿದ ಮೇಲೆ ಏನು ಬೇಕಾದರೂ ಅನ್ನು. ಏನೂ ಅನ್ನದೆ ಮಾತ್ರ ಇರಬೇಡ.”

ಹೀಗೇ ಮುಂದೆ ಇನ್ನೊಂದು ಪ್ಯಾರಾ, ಮನೆಯ ಬಗ್ಗೆ, ಸಂಜೆಗಳ ಬಗ್ಗೆ. ತಾರೀಖು ಇರಲಿಲ್ಲ. ಮೈಸೂರು ಇರಲಿಲ್ಲ. ಆಸ್ಪತ್ರೆ, ಸರ್ವರು, ಮಾವ ಯಾರೂ ಇರಲಿಲ್ಲ. ಅಮ್ಮಣ್ಣಿ ಇದ್ದ ಕಡೆ ಚುಕ್ಕಿ. ಎರಡನೇ ಪ್ಯಾರಾ ಇದ್ದ ಗುರುತೇ ಸಿಗದ ಹಾಗೆ ಮೊದಲನೆಯದಕ್ಕೆ ಮೂರನೆಯದನ್ನು ಹೊಲಿದಿದ್ದಳು. ಎಂಥ ಅಚ್ಚುಕಟ್ಟು ಕೆಲಸ! ಇದರದು ಎನ್ನುವಂಥದ್ದನ್ನೆಲ್ಲ ಒರೆಸಿಟ್ಟಿದ್ದಳು. ಯಾರು ಬೇಕಾದರೂ ಯಾರಿಗೆ ಬೇಕಾದರೂ ಬರೆಯಬಹುದಾದ, ಮಾಡಿದ ತಪ್ಪೇನೆಂದೇ ಹೇಳದ ಕ್ಷಮಾಪಣೆ. ಓದಲು ಚೆನ್ನಾಗಿಯೂ ಇತ್ತು.

ಚುಕ್ಕಿ ಇದ್ದ ಕಡೆ ಬೇಕಾದ ಹೆಸರು ಹಾಕಿಕೊಳ್ಳಿ ಎಂದು ಮಕ್ಕಳಿಗೆ ಹೇಳಿರುವುದಾಗಿ ಕೋಮಲ ವಿವರಿಸಿದಳು. ಅವನು ಸಾಲಿನುದ್ದಕ್ಕೂ ನಡೆದು ಪರದೆಗಳನ್ನು ನೋಡಿದ. ಅಕ್ಕ, ಗೆಳತಿ, ಒಂದು ಕಡೆ ಪ್ರಾಂಶುಪಾಲರು. ಕೊನೆಯ ಸಾಲಿನ ಹುಡುಗನೊಬ್ಬ ಯಾವುದೋ ಹುಡುಗಿಯ ಹೆಸರು ಹಾಕಿ, ಇವನನ್ನು ಕಂಡು ಗಡಬಡಿಸಿ ಅಳಿಸಿದ. ನರಸೀಪುರದಲ್ಲಿ ಓದಿದ್ದು ಈ ತಿದ್ದಿದ ಪತ್ರವನ್ನೇ ಎಂಬುದು ಅವನಿಗೆ ಆಗ ಸ್ಪಷ್ಟವಾಯಿತು. ಪೂರ್ತಿ ಪತ್ರ ಇದ್ದದ್ದು ನಂಜನಗೂಡಿನ ಆ ಮೂವತ್ತರಲ್ಲಿ, ಯಾರೂ ತೆರೆಯದಿದ್ದವುಗಳಲ್ಲಿ. ಅವನ್ನು ಅವನೇ ಅಳಿಸಿ ಬಂದಿದ್ದ.

“ಅವರು ತಿದ್ದಿದ್ದು ಯಾವಾಗ?”

ಜುಲೈ ಹದಿನೇಳು ಎಂದಳು ಕೋಮಲ, ತಾನು ಸೇರಿದ ಎರಡನೇ ವಾರ. ಪೂರ್ತಿ ಪ್ರಿಂಟು ಕೊಟ್ಟಿದ್ದಳು. ಮೇಡಂ ಒಂದು ಪೀರಿಯಡ್ ಕೂತು ಪೆನ್ಸಿಲಿನಲ್ಲಿ ಗುರುತು ಮಾಡಿ ಹೇಳಿದರು, ಹಾಗೇ ಬದಲಾಯಿಸಿದಳು. ಇದು ಯಾರು ಬರೆದದ್ದು ಎಂದು ಕೇಳಿದರಾ ಎಂದು ಅವನು ವಿಚಾರಿಸಿದ. ಕೇಳಿದರು. ಕಂಪ್ಯೂಟರಿನ ಜೊತೆ ಬಂದದ್ದು ಮೇಡಂ ಎಂದಳಂತೆ. ಹೌದಾ ಎಂದರಂತೆ.

ಜುಲೈ ಹದಿನೇಳರ ಸಂಜೆಯನ್ನು ಅವನು ಹುಡುಕಿದ. ಅಂದು ಅವಳು ಮನೆಗೆ ಬಂದು ಚಪ್ಪಲಿ ಬಿಟ್ಟಿರಬೇಕು, ಮುಖ ತೊಳೆದಿರಬೇಕು, ಸಾರು ಬಿಸಿ ಮಾಡಿರಬೇಕು. ಅವಳ ಕಣ್ಣು ಕೆಂಪಗಿತ್ತೇ? ತಟ್ಟೆ ಜೋರಾಗಿ ಇಟ್ಟಳೇ? ಅದರ ಹಿಂದಿನ ದಿನಕ್ಕೂ ಮುಂದಿನ ದಿನಕ್ಕೂ ಒಂದು ಕೂದಲೆಳೆಯ ವ್ಯತ್ಯಾಸವೂ ನೆನಪಿಗೆ ಬರಲಿಲ್ಲ. ಅಂಥ ದಿನವೂ ಬೇರೆ ದಿನದ ಹಾಗೇ ಕಳೆದುಹೋಗಿತ್ತು.

ಊಟದ ಬೆಲ್ಲಾದ ಮೇಲೆ ಸ್ಟಾಫ್ ರೂಮಿಗೆ ಹೋದ. ಶ್ರೀವಾಣಿ ಒಬ್ಬಳೇ ಇದ್ದಳು. ಅವನನ್ನು ಕಂಡು ಆಶ್ಚರ್ಯಪಡಲಿಲ್ಲ. ಪಕ್ಕದ ಕುರ್ಚಿಯ ಮೇಲಿನ ಪುಸ್ತಕಗಳನ್ನು ತೆಗೆದು ಕೆಳಗಿಟ್ಟಳು.

“ಊಟ ಆಯ್ತಾ?”

“ಡಬ್ಬಿ ಆಫೀಸಲ್ಲೇ ಉಳೀತು.”

ಅವಳು ತನ್ನ ಡಬ್ಬಿಯ ಮುಚ್ಚಳಕ್ಕೆ ಅರ್ಧ ಅನ್ನ, ಹುರುಳಿಕಾಯಿ ಪಲ್ಯ ಹಾಕಿ ಮುಂದೆ ತಳ್ಳಿದಳು. ಬೆಳಿಗ್ಗೆ ಅವನ ಡಬ್ಬಿಗೆ ಹಾಕಿದ್ದೂ ಅದೇ ಪಲ್ಯ. ಇಬ್ಬರೂ ತಿಂದರು. ಹುಲ್ಲಹಳ್ಳಿಯ ಕೆಲಸ ಎಲ್ಲಿಗೆ ಬಂತೆಂದು ಅವಳು ವಿಚಾರಿಸಿದಳು. ಇವತ್ತು ಮುಗಿಯುತ್ತದೆ ಎಂದ. ಮೊಸರು ಬೇಕಾ ಎಂದಳು. ಬೇಡ ಎಂದ.

“ಕೋಮಲ ಒಂದು ಪತ್ರ ತೋರಿಸಿದಳು,” ಎಂದ ಕೊನೆಗೆ. “ಟೈಪಿಂಗಿಂದು.”

“ಹೂಂ. ಉದ್ದ ಇತ್ತು. ಹತ್ತು ನಿಮಿಷದೊಳಗೆ ಮುಗಿಯಬೇಕಲ್ಲ, ಇಳಿಸಿಕೊಟ್ಟೆ.”

“ಎರಡನೇ ಪ್ಯಾರಾ ಇಲ್ಲ ಅದರಲ್ಲಿ.”

ಅವಳು ಡಬ್ಬಿಯ ಮೂಲೆಯಲ್ಲಿ ಉಳಿದಿದ್ದ ಎರಡು ಅಗುಳನ್ನು ಬೆರಳಿನಲ್ಲಿ ಒತ್ತಿ ತೆಗೆದಳು. “ಅದರಲ್ಲಿ ಬರೀ ವಿವರ ಇತ್ತು. ಎಲ್ಲರಿಗೂ ಹೊಂದೋ ಹಾಗಿರಲಿಲ್ಲ.”

“ಆ ಪ್ರಿಂಟ್ ಇಟ್ಟಿದೀಯಾ?”

“ಹಿಂದುಗಡೆ ಖಾಲಿ ಇತ್ತು. ಟೆಸ್ಟಿನ ಮಾರ್ಕ್ಸ್ ಬರಕೊಂಡು ಆಫೀಸಿಗೆ ಕೊಟ್ಟೆ.” ಡಬ್ಬಿ ಮುಚ್ಚಿದಳು. “ಯಾಕೆ, ಬೇಕಿತ್ತಾ?”

ಬೇಕಿತ್ತು. ಕೂಗಿ ಹೇಳಬೇಕೆನ್ನುವಷ್ಟು ಬೇಕಿತ್ತು. ಅವನು ಲೋಟದ ನೀರನ್ನು ನೋಡುತ್ತ, “ಅದರಲ್ಲಿದ್ದದ್ದು ನಿಜ,” ಎಂದ. ಇಷ್ಟು ಹೇಳಲು ಎರಡು ವರ್ಷ ಹಿಡಿದಿತ್ತು. ಈಗ ಅವಳು ಅಳುತ್ತಾಳೆ, ಇಲ್ಲವೇ ಎದ್ದು ಹೋಗುತ್ತಾಳೆ, ಏನಾದರೊಂದು ಆಗುತ್ತದೆ ಎಂದು ಕಾದ.

ಶ್ರೀವಾಣಿ ಸೆರಗಿನಿಂದ ಬಾಯಿ ಒರೆಸಿಕೊಂಡಳು.

“ಗೊತ್ತು. ಆವತ್ತು ನಾನು ಆಫೀಸಿನ ನಂಬರಿಗೂ ಮಾಡಿದ್ದೆ. ದೊಡ್ಡಮಾದಯ್ಯ ಎತ್ತಿದ. ಸರ್ವರು ಎದ್ದಿತೇನಪ್ಪಾ ಅಂತ ಕೇಳಿದೆ. ಎಲ್ಲ ನಡೀತಾ ಐತಲ್ಲವ್ವಾ, ಸಾರು ಸುಮ್ನೆ ಕೂತವ್ರೆ, ಫೋನ್ ಕೊಡ್ಲಾ ಅಂದ. ಬೇಡ ಅಂದೆ.”

ಹೊರಗೆ ವರಾಂಡದಲ್ಲಿ ಯಾರೋ ಬೆಂಚು ಎಳೆದ ಸದ್ದಾಯಿತು. ಎರಡು ವರ್ಷ. ಸರಿಹೋಯಿತಾ ಸರ್ವರು ಎಂದು ಆ ಸಂಜೆ ಕೇಳಿದಾಗಲೂ ಅವಳಿಗೆ ಗೊತ್ತಿತ್ತು. ಅವನ ಬಾಯಿಂದ ಹೂಂ ಎಂದು ಕೇಳಿಸಿಕೊಳ್ಳಲೆಂದೇ ಕೇಳಿದ್ದಳು. ಅವನು ಮೂರು ದಿನ ಕಷ್ಟಪಟ್ಟು ಬಿಚ್ಚಿಟ್ಟದ್ದು, ಅವಳು ಆಗಲೇ ಮಡಿಸಿ ಎತ್ತಿಟ್ಟಿದ್ದ ಬಟ್ಟೆ.

“ಒಂದು ಸಲನಾದ್ರೂ ಕೇಳಬಹುದಿತ್ತಲ್ಲ ನೀನು.”

“ಕೇಳಬಹುದಿತ್ತು,” ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ಅವನಿಗೆ ತಡೆಯಲಾಗಲಿಲ್ಲ. “ಅಮ್ಮನಿಗೆ, ಚಿಕ್ಕಪ್ಪಂದಿರಿಗೆ ಎಲ್ಲ ಸರ್ವರ್ ಬಿದ್ದಿತ್ತು ಅಂತ ನಾನೇ ಹೇಳಿಬಿಟ್ಟಿದ್ದೆ.”

ಬೆಲ್ ಹೊಡೆಯಿತು. ಅವಳಿಗೆ ಎರಡನೇ ವರ್ಷದವರ ಪಾಠವಿತ್ತು. ಹಾಜರಿ ಪುಸ್ತಕ ತೆಗೆದುಕೊಂಡು, ಮುಚ್ಚಳ ಹಾಗೇ ಇಡಿ ನಾನು ತೊಳೆದುಕೊಳ್ಳುತ್ತೇನೆ ಎಂದು ಹೇಳಿ ಹೋದಳು. ಅವನು ಅದನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದು ಮೇಜಿನ ಮೇಲೆ ಬೋರಲು ಹಾಕಿದ.

ಮಿಕ್ಕ ಕೆಲಸವನ್ನು ಲ್ಯಾಬಿನಲ್ಲೇ ಕೂತು ಶುರುಮಾಡಿದ. ಕೋಮಲ ಬಂದು ಒಂದು ಬೇಡಿಕೆ ಇಟ್ಟಳು. ಸಾರಿ ಸಾರ್, ಆ ಪ್ಯಾಸೇಜನ್ನು ಹೊಸದರಲ್ಲಿ ಹಾಕಿಬಿಟ್ಟರೆ ಹುಲ್ಲಹಳ್ಳಿಯವರಿಗೂ ಆಗುತ್ತದೆ, ಕನ್ನಡದ್ದು ಬೇರೇನೂ ಇಲ್ಲವಲ್ಲ. ಆಗಲಿ ಎಂದ. ಹಾಳೆಯನ್ನು ಪಕ್ಕಕ್ಕೆ ಇಟ್ಟುಕೊಂಡು ಟೈಪ್ ಮಾಡತೊಡಗಿದ. ಕೈಗೆ ಅಭ್ಯಾಸವಿಲ್ಲದೆ ಒತ್ತಕ್ಷರಕ್ಕೆಲ್ಲ ತಡವರಿಸಿದ. ಮೊದಲನೇ ಪ್ಯಾರಾ ಮುಗಿದ ಮೇಲೆ ಬೆರಳು ನಿಂತಿತು. ಎರಡನೆಯದನ್ನು ಈಗ ಸೇರಿಸಿಬಿಡಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ಸರ್ವರ್ ಬಿದ್ದಿರಲಿಲ್ಲ, ಎಂದು ಹೊಡೆದ. ಮುಂದಿನ ಮಾತಿಗೆ ಕಾದ. ಬರಲಿಲ್ಲ. ಗೊತ್ತಿದ್ದವಳಿಗೆ ಹೇಳುವುದು ಏನಿದೆ? ಆ ಸಾಲನ್ನು ತೆಗೆದು, ಹಾಳೆಯಲ್ಲಿ ಇದ್ದ ಹಾಗೇ ಮುಂದುವರಿಸಿದ.

ಮೂರು ಮುಕ್ಕಾಲಿಗೆ ಎಲ್ಲ ಆಯಿತು. ಪತ್ರ ಒಳಗೆ ಹೋಯಿತು, ಗುರುತಿನ ಸಂಖ್ಯೆ ಖಾಲಿಯಾಯಿತು, ಯಂತ್ರ ಆರಿತು, ಟೆಂಪ್ಲೇಟು ಆಯಿತು. ಬೆಟ್ಟಸ್ವಾಮಿಯವರಿಗೆ ಮುಗಿಯಿತೆಂದು ಸಂದೇಶ ಕಳಿಸಿದ. ಥ್ಯಾಂಕ್ಸ್ ಸಾರ್, ಇಷ್ಟು ಬೇಗ ಮುಗಿಸಿಬಿಟ್ಟಿರಿ ಎಂದು ಕೋಮಲ ಕೂಡ ಹೇಳಿದಳು. ಮಕ್ಕಳು ಆಗಲೇ ಹೋಗಿದ್ದರು. ಅವಳು ಹಾಜರಿ ತುಂಬುತ್ತ ಕೂತಳು.

ನಾಲ್ಕೂಕಾಲಿಗೆ ಶ್ರೀವಾಣಿ ಲ್ಯಾಬಿನ ಬಾಗಿಲಿಗೆ ಬಂದು ನಿಂತಳು. ಹೆಗಲಲ್ಲಿ ಬ್ಯಾಗು, ಕೈಯಲ್ಲಿ ಛತ್ರಿ. ಒಳಗೆ ಬರಲಿಲ್ಲ.

“ನಾಲ್ಕೂವರೆ ಬಸ್ಸಿದೆ. ಬರ್ತೀರಾ?”

ಅವಳು ಹೀಗೆ ಕೇಳಿ ಎಷ್ಟು ಕಾಲವಾಗಿತ್ತು! ಕೇಳಬೇಕೆಂದೇ ಎರಡು ಮಹಡಿ ಹತ್ತಿ ಬಂದಿದ್ದಳು. ಮುಖ ಎಂದಿನ ಹಾಗೇ ಇತ್ತು, ಛತ್ರಿಯ ಹಿಡಿಯನ್ನು ಮಾತ್ರ ಬೆರಳು ಬಿಳಿಚುವಷ್ಟು ಬಿಗಿಯಾಗಿ ಹಿಡಿದಿದ್ದಳು. ಅದನ್ನು ಅವನು ನೋಡಿದ. ಒಂದು ಗಂಟೆಯ ದಾರಿ. ಇಬ್ಬರ ಸೀಟು. ಮಧ್ಯದಲ್ಲಿ ಪರದೆ ಇಲ್ಲ, ಗೋಡೆ ಇಲ್ಲ, ಹೇಳುವುದಕ್ಕೆ ಸುಳ್ಳು ಕೂಡ ಇಲ್ಲ. ಏಳಬೇಕೆಂದು ಅವನಿಗೆ ನಿಜವಾಗಿ ಆಸೆಯಾಯಿತು. ಕಾಲು ಕೂಡ ಅಲುಗಿತು.

“ನೀನು ನಡಿ,” ಎಂದಿತು ಅವನ ಬಾಯಿ. “ಇದು ಯಾಕೋ ಕೈಕೊಟ್ಟಿದೆ. ಇನ್ನೂ ಒಂದು ಗಂಟೆ ಬೇಕು.”

ಕೋಮಲ ತಲೆ ಎತ್ತಿದಳು. ಏನೋ ಹೇಳಲು ಹೊರಟು, ಇಬ್ಬರ ಮುಖ ನೋಡಿ, ಮತ್ತೆ ಹಾಜರಿಗೆ ಬಗ್ಗಿದಳು. ಶ್ರೀವಾಣಿ ಅದನ್ನೂ ನೋಡಿದಳು.

“ಸರಿ,” ಎಂದಳು.

ಮೆಟ್ಟಿಲಿನ ಮೇಲೆ ಅವಳ ಚಪ್ಪಲಿಯ ಸದ್ದು ಒಂದೇ ಸಮನಾಗಿ ಇಳಿಯಿತು. ಕಿಟಕಿಯಿಂದ ಬಸ್ ನಿಲ್ದಾಣ ಕಾಣುತ್ತಿತ್ತು. ಬಸ್ಸು ಬಂತು, ಅವಳು ಹತ್ತಿದಳು, ಬಸ್ಸು ಹೋಯಿತು. ಕೋಮಲ ಬೀಗದ ಕೈಯನ್ನು ಅವನ ಪಕ್ಕದಲ್ಲಿಟ್ಟು, ಕೆಳಗೆ ವಾಚ್‌ಮನ್‌ಗೆ ಕೊಟ್ಟುಬಿಡಿ ಸಾರ್ ಎಂದು ಮೆಲ್ಲಗೆ ಹೇಳಿ ಹೊರಟುಹೋದಳು.

ಅವನು ಲ್ಯಾಪ್‌ಟಾಪ್ ಕಡೆ ತಿರುಗಿದ. ಯಂತ್ರಗಳ ಪಟ್ಟಿ ತೆರೆದಿತ್ತು. ಐವತ್ತೆರಡರ ಮುಂದೆ ಹಸಿರು ಗುರುತು. ಎಲ್ಲಕ್ಕಿಂತ ಕೆಳಗೆ ಇಂದು ಮಾಡಿದ್ದು, ಬೂದಿ ಬಣ್ಣದಲ್ಲಿ. ಒಮ್ಮೆ ಟೆಂಪ್ಲೇಟು ಆದದ್ದನ್ನು ಮತ್ತೆ ಚಾಲೂ ಮಾಡಲು ಬರುವುದಿಲ್ಲ. ಅದರಿಂದ ಎಷ್ಟು ನಕಲು ಬೇಕಾದರೂ ತೆಗೆಯಬಹುದು, ಅದನ್ನು ಮಾತ್ರ ಎಬ್ಬಿಸುವ ಹಾಗಿಲ್ಲ. ಸ್ಟಾರ್ಟ್ ಎನ್ನುವ ಬಟನ್ ಅಲ್ಲೇ ಇರುತ್ತದೆ, ಮಸುಕಾಗಿ.

ಚಿರಂತನ ಅದರ ಮೇಲೆ ಬಾಣದ ಗುರುತನ್ನು ತಂದು ಒತ್ತಿದ. ಏನೂ ಆಗಲಿಲ್ಲ. ಆಗುವುದಿಲ್ಲ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಆ ಎರಡು ಊರಿನಲ್ಲಿ ಇರಲಿಲ್ಲ. ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು, ಇನ್ನೊಂದು ಸಲ ಒತ್ತಿದ.